ಉತಾರಾದಲ್ಲಿ ಹೆಸರಿಲ್ಲದ ಪಶುಪಾಲಕರಿಗೂ ಸಹಾಯಧನ: ಬೇಕಾದ ಕಾಗದಪತ್ರಗಳು

ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಗಡಿ ಹಳ್ಳಿಗಳಲ್ಲಿ ಹೊಲಕ್ಕಿಂತ ಹಟ್ಟಿಯನ್ನೇ ನಂಬಿದ ಕುಟುಂಬಗಳು ಬಹಳ. ಮಾಡಗ್ಯಾಳ ಕುರಿ, ಪಂಢರಪುರಿ ಎಮ್ಮೆ, ಖಿಲಾರಿ ಎತ್ತು ಈ ಸೀಮೆಯವೇ. ಆದರೆ ಸರಕಾರದ ಅನುದಾನ ಎಂದ ಕೂಡಲೇ ಮೊದಲು ಕೇಳುವ ಕಾಗದ ಸಾತಬಾರಾ ಉತಾರಾ. ಜಮೀನು ಅಜ್ಜನ ಹೆಸರಿನಲ್ಲೋ ಅಣ್ಣನ ಹೆಸರಿನಲ್ಲೋ ಇದೆ, ಅಥವಾ ಇಲ್ಲವೇ ಇಲ್ಲ ಎಂದು ಅರ್ಜಿಯನ್ನೇ ಹಾಕದೆ ಬಿಡುವವರು ಇದ್ದಾರೆ. ಎಲ್ಲ ಯೋಜನೆಗಳಿಗೂ ಸ್ವಂತ ಜಮೀನು ಬೇಕಿಲ್ಲ. ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಜಮೀನು ಇದ್ದವರಿಗೆ ಮಾತ್ರ ಸಿಗುವುದು ಪಿಎಂ-ಕಿಸಾನ್. 2019ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುತ್ತದೆ. ಮಹಾರಾಷ್ಟ್ರ ಸರಕಾರ 2023ರಿಂದ ನಮೋ ಶೇತಕರಿ ಯೋಜನೆಯಲ್ಲಿ ಮತ್ತೆ 6,000 ರೂಪಾಯಿ ಸೇರಿಸಿದೆ. ಎರಡಕ್ಕೂ ಆಧಾರ ಒಂದೇ, ಜಮೀನಿನ ದಾಖಲೆ. ಪಾಲಿಗೆ ಉಳುವವರಿಗೂ ಇದು ಬರುವುದಿಲ್ಲ. ಇಪ್ಪತ್ತು ಕುರಿ ಇದ್ದು ಗುಂಟೆ ಹೊಲ ಇಲ್ಲದವರು ಇದರ ಹಿಂದೆ ಓಡಾಡಿ ದಿನಗೂಲಿ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಆಡು-ಕುರಿ ಘಟಕ

ರಾಜ್ಯದ ಪಶುಸಂವರ್ಧನ ಇಲಾಖೆಯ ನಾವಿನ್ಯಪೂರ್ಣ ಯೋಜನೆ ಇಂಥವರಿಗೆ ಹೆಚ್ಚು ಹತ್ತಿರದ್ದು. ಹತ್ತು ಹೆಣ್ಣು, ಒಂದು ಗಂಡು ಸೇರಿ ಒಂದು ಘಟಕ. 2021ರಲ್ಲಿ ನಿಗದಿಯಾದ ದರದಂತೆ ಉಸ್ಮಾನಾಬಾದಿ ಅಥವಾ ಸಂಗಮನೇರಿ ಆಡಿನ ಘಟಕಕ್ಕೆ 1,03,545 ರೂಪಾಯಿ, ಮಾಡಗ್ಯಾಳ ಕುರಿಯ ಘಟಕಕ್ಕೆ 1,28,850 ರೂಪಾಯಿ. ಸಾಮಾನ್ಯ ವರ್ಗಕ್ಕೆ ಇದರ ಅರ್ಧ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 75 ಅನುದಾನ. ಉಳಿದದ್ದನ್ನು ಸ್ವಂತ ಹಾಕಬೇಕು, ಇಲ್ಲವೇ ಬ್ಯಾಂಕ್ ಸಾಲ ಮಾಡಬೇಕು. ಬಡತನ ರೇಖೆಗಿಂತ ಕೆಳಗಿನವರು, ಒಂದು ಹೆಕ್ಟೇರ್‌ವರೆಗಿನ ಅತಿ ಸಣ್ಣ ರೈತರು, ಎರಡು ಹೆಕ್ಟೇರ್‌ವರೆಗಿನ ಸಣ್ಣ ರೈತರು, ಸ್ವಸಹಾಯ ಗುಂಪಿನ ಮಹಿಳೆಯರಿಗೆ ಆದ್ಯತೆ ಇದೆ.

ಇದರ ಕಾಗದಗಳ ಪಟ್ಟಿಯಲ್ಲಿಯೂ ಸಾತಬಾರಾ ಮತ್ತು ಆಠ-ಅ ಇವೆ. ಬಹಳ ಜನ ಅಲ್ಲಿಗೇ ಓದುವುದನ್ನು ನಿಲ್ಲಿಸುತ್ತಾರೆ. ಅದೇ ಪಟ್ಟಿಯ ಕೆಳಗೆ ಇನ್ನೊಂದು ಸಾಲಿದೆ: ಉತಾರಾದಲ್ಲಿ ಅರ್ಜಿದಾರರ ಹೆಸರು ಇಲ್ಲದಿದ್ದರೆ ಕುಟುಂಬದವರ ಸಂಮತಿಪತ್ರ, ಅಥವಾ ಬೇರೆಯವರ ಜಮೀನನ್ನು ಬಾಡಿಗೆಗೆ ಪಡೆದ ಕರಾರುಪತ್ರ ನಡೆಯುತ್ತದೆ. ಅಂದರೆ ಅಣ್ಣನಿಂದ ಒಂದು ಸಂಮತಿಪತ್ರ ಬರೆಸಿಕೊಂಡರೂ ಕೆಲಸ ಆಗುತ್ತದೆ. ಮನೆಯಲ್ಲಿ ಪಾಲಿನ ತಕರಾರು ಇದ್ದರೆ ಅದು ಸಿಗುವುದು ಕಷ್ಟವೇ. ಆಗ ನೆರೆಯವರ ಹೊಲದ ಕರಾರು ಮಾಡಿಕೊಳ್ಳುವುದು ಮೇಲು. ಆಧಾರ್, ರೇಷನ್ ಕಾರ್ಡ್, ರಹಿವಾಸಿ ದಾಖಲೆ, ಪಾಸ್‌ಬುಕ್, ಮಕ್ಕಳ ಸಂಖ್ಯೆಯ ಸ್ವಘೋಷಣೆಯೂ ಬೇಕು. ಗಡಿ ಆಚೆಯಿಂದ ಮದುವೆಯಾಗಿ ಬಂದ ಸೊಸೆಯ ಹೆಸರಿನಲ್ಲಿ ಅರ್ಜಿ ಹಾಕುವುದಾದರೆ ಆಧಾರ್‌ನಲ್ಲಿ ತವರಿನ ವಿಳಾಸವೇ ಉಳಿದಿದೆಯೇ ಎಂದು ನೋಡಿ, ಮೊದಲು ಸರಿಪಡಿಸಿಕೊಳ್ಳಿ. ಅರ್ಜಿಯನ್ನು ಪ್ರಕಟಣೆ ಬಂದ ಅವಧಿಯಲ್ಲಿ ಮಾತ್ರ ಆನ್‌ಲೈನಿನಲ್ಲಿ ಪಡೆಯುತ್ತಾರೆ. ಕಾಗದ ಈಗಲೇ ತಯಾರಿದ್ದರೆ ಆಗ ಪರದಾಟ ತಪ್ಪುತ್ತದೆ.

ಧನಗರ ಸಮಾಜದವರಿಗೆ ಇದಲ್ಲದೆ 2017ರಲ್ಲಿ ಬಂದ ರಾಜೇ ಯಶವಂತರಾವ್ ಹೋಳ್ಕರ್ ಮಹಾಮೇಷ ಯೋಜನೆ ಇದೆ.

ಕಿವಿಯ ಬಿಲ್ಲೆಯೇ ದಾಖಲೆ

ಜಮೀನಿಗೆ ಉತಾರಾ ಇದ್ದಂತೆ ದನಕ್ಕೆ ಕಿವಿಯ ಬಿಲ್ಲೆ. ಅದರ ಮೇಲಿನ 12 ಅಂಕಿಗಳ ನಂಬರು ಭಾರತ ಪಶುಧನ ದಾಖಲೆಯಲ್ಲಿ ಮಾಲೀಕರ ಹೆಸರಿನೊಂದಿಗೆ ಸೇರಿರುತ್ತದೆ. ಇದರ ಬೆಲೆ ಎಷ್ಟೆಂದು 2024ರಲ್ಲಿ ಗೊತ್ತಾಯಿತು. ಹಾಲಿನ ದರ ಕುಸಿದಾಗ ಮಹಾರಾಷ್ಟ್ರ ಸರಕಾರ ಆ ವರ್ಷದ ಜನವರಿ 11ರಿಂದ ಆಕಳ ಹಾಲಿಗೆ ಲೀಟರಿಗೆ 5 ರೂಪಾಯಿ, ಅಕ್ಟೋಬರ್ 1ರಿಂದ 7 ರೂಪಾಯಿ ಅನುದಾನವನ್ನು ಅವಧಿ ಗೊತ್ತುಮಾಡಿ ಕೊಟ್ಟಿತು. ಉತಾರಾ ಆಧಾರವಾಗಿರಲಿಲ್ಲ. ಡೇರಿಗೆ ಹಾಲು ಹಾಕಿದ ಲೆಕ್ಕ, ಬಿಲ್ಲೆ ನಂಬರು, ಆಧಾರ್ ಜೋಡಿಸಿದ ಖಾತೆ, ಈ ಮೂರೂ ಕೂಡಿದವರಿಗೆ ಹಣ ಬಂತು. ಹೋಟೆಲಿಗೋ ಮನೆಮನೆಗೋ ಹಾಲು ಮಾರುವವರಿಗೆ ಬರಲಿಲ್ಲ. ಎಮ್ಮೆ ಹಾಲಿಗೂ ಇರಲಿಲ್ಲ. ಪಂಢರಪುರಿ ಎಮ್ಮೆಯ ನಾಡಿನಲ್ಲಿ ಇದು ಬೇಸರದ ಮಾತೇ.

ದನ ಸತ್ತಾಗ ಪರಿಹಾರಕ್ಕೂ ಬಿಲ್ಲೆ ಮುಖ್ಯ. 2022ರಲ್ಲಿ ಚರ್ಮಗಂಟು ರೋಗ ಅಂದರೆ ಲಂಪಿ ಬಂದಾಗ ಮಹಾರಾಷ್ಟ್ರದಲ್ಲಿ ಸತ್ತ ಆಕಳಿಗೆ 30,000, ಎತ್ತಿಗೆ 25,000, ಕರುವಿಗೆ 16,000 ರೂಪಾಯಿ ಕೊಡಲಾಯಿತು. ನೆರೆ, ಸಿಡಿಲಿನಂಥ ವಿಪತ್ತಿಗೆ 2022-23ರಿಂದ 2025-26ರ ಅವಧಿಗೆ ನಿಗದಿಯಾದ ದರ ಹಾಲು ಕೊಡುವ ಆಕಳು, ಎಮ್ಮೆಗೆ 37,500, ಎತ್ತಿಗೆ 32,000, ಆಡು-ಕುರಿಗೆ 4,000 ರೂಪಾಯಿ. ಒಂದು ಕುಟುಂಬಕ್ಕೆ ಹಾಲಿನ ದೊಡ್ಡ ದನ ಮೂರು, ಆಡು-ಕುರಿ ಮೂವತ್ತು ಎಂಬ ಮಿತಿ ಇತ್ತು. ಪಶುವೈದ್ಯರ ಪರೀಕ್ಷೆ ಮತ್ತು ಪಂಚನಾಮೆ ಆಗುವ ಮುನ್ನ ಸತ್ತ ದನವನ್ನು ಹೂಳಬೇಡಿ. ತಲಾಠಿಗೂ ದವಾಖಾನೆಗೂ ಅಂದೇ ತಿಳಿಸಿ.

ಕರ್ನಾಟಕದ ಸಂತೆಯಿಂದ ತಂದ ಆಕಳ ಕಿವಿಯಲ್ಲಿ ಬಿಲ್ಲೆ ಇದ್ದರೆ ಅದನ್ನು ಕೀಳಬಾರದು. ನಂಬರು ದೇಶಕ್ಕೆಲ್ಲ ಒಂದೇ ದಾಖಲೆಯಲ್ಲಿದೆ. ಮಾರಿದವರ ಹೆಸರಿನಿಂದ ನಿಮ್ಮ ಹೆಸರಿಗೆ ಬದಲಾಯಿಸಲು ಊರಿನ ಪಶು ದವಾಖಾನೆಯಲ್ಲಿ ಕೇಳಿ.

ಸಾಲ ಮತ್ತು ಖಾತೆ

ಕಿಸಾನ್ ಕ್ರೆಡಿಟ್ ಕಾರ್ಡ್ ಹೊಲ ಇದ್ದವರಿಗೆ ಮಾತ್ರ ಎಂಬುದು ಹಳೆಯ ಮಾತು. 2019ರಿಂದ ಪಶುಪಾಲಕರಿಗೂ ಇದೆ; ಕೊಟ್ಟಿಗೆ ಬಾಡಿಗೆಯದಾದರೂ ಅಡ್ಡಿಯಿಲ್ಲ. ಮೇವು, ಔಷಧಿಯಂಥ ಖರ್ಚಿಗೆ 2 ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಶೇ. 7, ಗಡುವಿನೊಳಗೆ ತೀರಿಸಿದರೆ ಶೇ. 4 ಮಾತ್ರ. 2025ರ ಜನವರಿ 1ರಿಂದ 2 ಲಕ್ಷದವರೆಗೆ ಜಾಮೀನು ಅಡವು ಕೇಳುವಂತಿಲ್ಲ. ರಾಷ್ಟ್ರೀಯ ಜಾನುವಾರು ಮಿಷನ್‌ನ ಶೇ. 50 ಅನುದಾನ ಕೇಳಲು ಚೆನ್ನಾಗಿದೆ, ಆದರೆ ಆಡು-ಕುರಿಗೆ ಅಲ್ಲಿ ಕನಿಷ್ಠ ಘಟಕವೇ 100 ಹೆಣ್ಣು, 5 ಗಂಡು.

ಇನ್ನು ಹಣ ಎಲ್ಲಿಗೆ ಬರುತ್ತದೆ ಎಂಬ ಪ್ರಶ್ನೆ. ಆಧಾರ್ ಮೂಲಕ ಬರುವ ಅನುದಾನ ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಗಡಿಯ ಎರಡೂ ಕಡೆ ಖಾತೆ ಇರುವವರು ಹಣ ಬಂದಿಲ್ಲ ಎಂದು ತಕರಾರು ಕೊಡುವ ಮೊದಲು ಆಚೆಯ ಬ್ಯಾಂಕಿನ ಪಾಸ್‌ಬುಕ್ಕನ್ನೂ ಒಮ್ಮೆ ತುಂಬಿಸಿ ನೋಡಬೇಕು. ಯಾವ ಬ್ಯಾಂಕು ಜೋಡಣೆಯಾಗಿದೆ ಎಂಬುದನ್ನು ಆಧಾರ್ ವೆಬ್‌ಸೈಟಿನಲ್ಲಿ ಮೊಬೈಲ್ ನಂಬರಿನಿಂದ ತಿಳಿಯಬಹುದು. ಮರಾಠಿ ಅರ್ಜಿಯಲ್ಲಿ ಹೆಸರು ಬರೆಯುವಾಗ ಆಧಾರ್‌ನಲ್ಲಿ ಇದ್ದಂತೆಯೇ ಅಕ್ಷರ ಬರೆಸಿ.