ಬಾಲ ಹಿಡಿಯುವ ಆಟವೂ ಲಕಾರದ ಸಂಕಟವೂ

ಚಿಂತಾಮಣಿಯಲ್ಲಿ ನನ್ನ ಬಳಿ ಓದಿ, ಈಗ ಜಪಾನಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಇತ್ತೀಚೆಗೆ ದೂರವಾಣಿಯಲ್ಲಿ ಎರಡು ಸಲಹೆಗಳನ್ನು ಕೇಳಿದರು. ಕಚೇರಿಯ ಗೆಳೆಯರು ಕರೋಕೆಗೆ ಕರೆದಿದ್ದಾರೆ, ಯಾವ ಜಪಾನಿ ಹಾಡನ್ನು ಆರಿಸಿಕೊಳ್ಳಲಿ ಎಂಬುದು ಮೊದಲನೆಯದು. ‘ಶಿರಿತೋರಿ’ ಎಂಬ ಆಟದಲ್ಲಿ ಮಗಳು ದಿನವೂ ತಮ್ಮನ್ನು ಸೋಲಿಸುತ್ತಿದ್ದಾಳೆ, ಅದಕ್ಕೇನು ಉಪಾಯ ಎಂಬುದು ಎರಡನೆಯದು. ಕನ್ನಡ ಮೇಷ್ಟರನ್ನು ಕೇಳುವ ಪ್ರಶ್ನೆಗಳೇ ಇವು ಎಂದು ನಕ್ಕೆ. ಆದರೆ ಫೋನನ್ನು ಕೆಳಗಿಟ್ಟ ಮೇಲೆ ಆ ಎರಡನೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಶಿರಿತೋರಿ ಎಂದರೆ ಬಾಲ ಹಿಡಿಯುವುದು ಎಂದರ್ಥ. ಒಬ್ಬರು ‘ರಿಂಗೊ’ (ಸೇಬು) ಎಂದರೆ ಮತ್ತೊಬ್ಬರು ‘ಗೊರಿಲ’ ಎನ್ನಬೇಕು, ಮೂರನೆಯವರು ‘ರಪ್ಪ’ (ತುತ್ತೂರಿ) ಎನ್ನಬೇಕು. ನಾಮಪದಗಳಿಗೆ ಮಾತ್ರ ಅವಕಾಶ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ‘ನ್’ ಎಂದು ಮುಗಿಯುವ ಪದವನ್ನು ಹೇಳಿದವರು ಅಲ್ಲಿಗೇ ಸೋತರು, ಏಕೆಂದರೆ ಆ ಅಕ್ಷರದಿಂದ ಆರಂಭವಾಗುವ ಜಪಾನಿ ಪದವೇ ಇಲ್ಲ. ಆಟದಲ್ಲಿ ಪಳಗಿದವರ ಕುತಂತ್ರವೊಂದಿದೆ: ‘ಸರು’ (ಕೋತಿ), ‘ಹರು’ (ವಸಂತ) ಎಂಬಂತೆ ‘ರು’ವಿನಲ್ಲಿ ಮುಗಿಯುವ ಪದಗಳನ್ನೇ ಮತ್ತೆ ಮತ್ತೆ ಎಸೆಯುವುದು. ಅಚ್ಚ ಜಪಾನಿ ಪದಗಳು ರಕಾರದಿಂದ ಆರಂಭವಾಗುವುದಿಲ್ಲ. ಇರುವವೆಲ್ಲ ಚೀನೀ ಭಾಷೆಯಿಂದಲೋ ಪಾಶ್ಚಾತ್ಯ ಭಾಷೆಗಳಿಂದಲೋ ಬಂದವು. ಬಹುಶಃ ಆ ಮಗು ತಂದೆಯನ್ನು ಸೋಲಿಸುತ್ತಿರುವುದು ಹೀಗೆಯೇ.

ಇದನ್ನು ಓದುತ್ತಿರುವ ನಿಮಗೆಲ್ಲ ನಮ್ಮ ಶನಿವಾರದ ಅಂತ್ಯಾಕ್ಷರಿ ನೆನಪಾಗಿರಬೇಕು. ಸಂಸ್ಕೃತ ಪಾಠಶಾಲೆಗಳಲ್ಲಿ ಶ್ಲೋಕಗಳನ್ನು ಕಂಠಸ್ಥ ಮಾಡಿಸಲು ಬಳಕೆಯಲ್ಲಿದ್ದ ಈ ಆಟಕ್ಕೆ ಚಿತ್ರಗೀತೆಗಳು ಬಂದು ಸೇರಿದ್ದು ರೇಡಿಯೋ ಮನೆ ಮನೆಗೆ ಬಂದ ಮೇಲೆ. 1952ರಲ್ಲಿ ಬಿ. ವಿ. ಕೇಸ್ಕರ್ ಅವರು ವಾರ್ತಾ ಮತ್ತು ಪ್ರಸಾರ ಸಚಿವರಾದ ಬಳಿಕ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಬಹುಮಟ್ಟಿಗೆ ಮರೆಯಾದವು. ಜನ ಸಿಲೋನ್ ರೇಡಿಯೋದತ್ತ ತಿರುಗಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾದಾಗ ಆ ಮುನಿಸು ತೀರಿತು. 1993ರಲ್ಲಿ ಜೀ ಟಿವಿ ಅಂತ್ಯಾಕ್ಷರಿಯನ್ನೇ ಕಾರ್ಯಕ್ರಮವಾಗಿ ಮಾಡಿತು. ನಮ್ಮ ಆಟ ಇದಕ್ಕಿಂತ ಹಳೆಯದು, ಬಡದು. ಅದರಲ್ಲಿ ಚಿತ್ರಗೀತೆಗಿಂತ ಪದ್ಯಕ್ಕೆ ಹೆಚ್ಚು ಅಂಕ. ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದ ಮೇಲೆ ‘ಜ’ ಅಕ್ಷರ ಯಾರಿಗೂ ಭಾರವಾಗಲಿಲ್ಲ. ಅದರ ಕವಿ ಕೆ. ಎಸ್. ನಿಸಾರ್ ಅಹಮದ್ ನಮ್ಮ ಪಕ್ಕದ ದೇವನಹಳ್ಳಿಯವರೆಂದು ಹೇಳಿಕೊಳ್ಳುವುದೂ ನಮಗೆ ಹೆಮ್ಮೆಯಾಗಿತ್ತು.

ಅಂಕಿತಗಳ ವಿಚಾರವನ್ನು ಹೇಳದೆ ಮುಂದೆ ಹೋಗಲಾರೆ. ಪದ್ಯದ ಕೊನೆಯಲ್ಲಿ ಕವಿಯ ಮುದ್ರಿಕೆ ಇದ್ದರೆ ಎದುರಾಳಿಗೆ ಸಿಗುವ ಅಕ್ಷರ ಮೊದಲೇ ಗೊತ್ತು. ಮುಳಬಾಗಿಲಿನ ಡಿ.ವಿ.ಜಿ.ಯವರ ಕಗ್ಗವನ್ನು ಮನೆಯಲ್ಲಿ ಬಾಯಿಪಾಠ ಮಾಡಿದ್ದ ಹುಡುಗನೊಬ್ಬ ನಮ್ಮಲ್ಲಿದ್ದ. ಆತ ಪ್ರತಿ ಬಾರಿಯೂ ಎದುರಾಳಿಗೆ ‘ಮ’ಕಾರವನ್ನು ದಾನ ಮಾಡುತ್ತಿದ್ದ. 945 ಪದ್ಯಗಳಿದ್ದರೂ ಅವನಿಗೆ ಒಂದು ಪಂದ್ಯವೂ ಗೆಲ್ಲಲಾಗಲಿಲ್ಲ! ಬಸವಣ್ಣನವರದೂ ಕನಕದಾಸರದೂ ‘ವ’. ಸರ್ವಜ್ಞನ ತ್ರಿಪದಿ ಬಂದರೆ ‘ಜ್ಞ’. ಆಗ ಗಲಾಟೆಯೇ ಗಲಾಟೆ. ನಾವು ಉಚ್ಚರಿಸುವುದು ‘ಗ್ನ’ ಎಂದಾದ್ದರಿಂದ ‘ಗ’ ಎಂದಿಟ್ಟುಕೊಳ್ಳಿ ಎಂದು ನಾನು ತೀರ್ಪು ಕೊಟ್ಟಿದ್ದೆ. ವ್ಯಾಕರಣ ಬಲ್ಲವರು ಕ್ಷಮಿಸಬೇಕು. ನಮ್ಮ ಕೈವಾರದ ತಾತಯ್ಯನವರ ಕೀರ್ತನೆಯನ್ನು ‘ನಾರೇಯಣ’ ಎಂಬಲ್ಲಿ ನಿಲ್ಲಿಸಿದರೆ ‘ಣ’. ಕನ್ನಡದಲ್ಲಿ ‘ಣ’ದಿಂದಾಗಲಿ ‘ಳ’ದಿಂದಾಗಲಿ ಪದವೇ ಆರಂಭವಾಗುವುದಿಲ್ಲ. ಜಪಾನೀಯರು ಅಂಥ ಅಕ್ಷರವನ್ನು ಉಚ್ಚರಿಸಿದವರನ್ನೇ ಸೋಲಿಸುತ್ತಾರೆ. ನಾವು ‘ಣ’ಕ್ಕೆ ‘ನ’, ‘ಳ’ಕ್ಕೆ ‘ಲ’ ಎಂದು ರಾಜಿ ಮಾಡಿಕೊಂಡೆವು.

ಆ ರಾಜಿಯೇ ತೊಂದರೆಗೆ ಮೂಲ. ಅಚ್ಚಗನ್ನಡದ ಪದಗಳು ‘ರ’, ‘ಲ’ಗಳಿಂದ ಆರಂಭವಾಗುವುದು ಬಹಳ ಅಪರೂಪ. ಮೂಲ ದ್ರಾವಿಡದ ಸ್ವಭಾವವೇ ಹಾಗೆ. ರಾಜ, ರಾತ್ರಿ, ಲಗ್ನ, ಲೋಕ ಎಲ್ಲವೂ ಸಂಸ್ಕೃತದಿಂದ ಬಂದವು. ರೆಕ್ಕೆ ನಮ್ಮದೇ, ಆದರೆ ಅದು ‘ಎಱಕೆ’ಯ ತಲೆ ಕತ್ತರಿಸಿದ ರೂಪ. ಆದರೆ ನಮ್ಮ ಸಾಲುಗಳು ಮುಗಿಯುವುದು ಎಲ್ಲಿ? ಮನೆಯಲ್ಲಿ, ಬನದಲ್ಲಿ, ಬರಲಿ, ಅವರು, ಅವಳು. ಯಾವ ಅಕ್ಷರದಿಂದ ಆರಂಭವಾಗಲು ಕನ್ನಡ ಹಿಂಜರಿಯುತ್ತದೆಯೋ ಆ ಅಕ್ಷರದಲ್ಲೇ ಮುಗಿಯಲು ಹಾತೊರೆಯುತ್ತದೆ. (ಜಪಾನಿಗೂ ದ್ರಾವಿಡಕ್ಕೂ ಇರುವ ಈ ಹೋಲಿಕೆಯಿಂದ ಯಾರೂ ನೆಂಟಸ್ತನ ಕಟ್ಟಬೇಡಿ. ಒನೊ ಸುಸುಮು ಎಂಬ ವಿದ್ವಾಂಸರು ಜಪಾನಿಗೂ ತಮಿಳಿಗೂ ಸಂಬಂಧ ಕಲ್ಪಿಸಿದ್ದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಕೊರಿಯನ್ನಿನಂಥ ಭಾಷೆಗಳಲ್ಲೂ ಪದಾದಿಯ ರಕಾರಕ್ಕೆ ಇದೇ ಬಹಿಷ್ಕಾರವಿದೆ.)

ಈಗ ನನ್ನ ತಪ್ಪಿನ ವಿಚಾರ. 1980ರ ದಶಕದಲ್ಲಿ ತರಗತಿಗಳ ನಡುವೆ ನಡೆದ ಒಂದು ಪಂದ್ಯದಲ್ಲಿ ಕೊನೆಯ ಸುತ್ತಿಗೆ ‘ಲ’ ಬಂತು. ಗೊತ್ತಿದ್ದ ಲಾಲಿಗಳೆಲ್ಲ ಆಗಲೇ ಖರ್ಚಾಗಿದ್ದವು. ಅದುವರೆಗೆ ಬಾಯಿ ಬಿಡದ ಹುಡುಗನೊಬ್ಬ ಹಿಂದಿನ ಸಾಲಿನಿಂದ ಎದ್ದುನಿಂತು, ಅಜ್ಜಿ ಬೆಳಗ್ಗೆ ಎಬ್ಬಿಸುವಾಗ ಹಾಡುತ್ತಿದ್ದ ತೆಲುಗು ಹಾಡನ್ನು ‘ಲೇ’ ಎಂದು ಆರಂಭಿಸಿದ. ಸ್ವರ ಚೆನ್ನಾಗಿತ್ತು. ನಾನು ಕೈ ಎತ್ತಿ ತಡೆದು, “ಕನ್ನಡದಲ್ಲಿ ಹೇಳಯ್ಯಾ” ಎಂದೆ. ಮಕ್ಕಳು ನಕ್ಕರು. ಅವನು ಕುಳಿತ. ತಂಡ ಸೋತಿತು. ಆ ವರ್ಷವಿಡೀ ಅವನು ಮತ್ತೆ ಹಾಡಲು ಏಳಲಿಲ್ಲ.

ನಿಯಮ ನನ್ನದೇ ಆಗಿತ್ತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ ಎಂಬ ಈ ಗಡಿಸೀಮೆಯ ಮಕ್ಕಳಿಗೆ ಕನ್ನಡದ ಅಭ್ಯಾಸವಾಗಲಿ ಎಂಬುದು ಉದ್ದೇಶ. ಅದರಲ್ಲಿ ತಪ್ಪಿತ್ತೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಎರಡು ಭಾಷೆಗಳಲ್ಲೂ ಹಾಡಿದ ತಾತಯ್ಯನವರ ಕನ್ನಡ ಕೀರ್ತನೆಗೆ ಅಂಕ ಕೊಟ್ಟು ತೆಲುಗು ಕೀರ್ತನೆಗೆ ಕೊಡದಿದ್ದ ನಾನು, ಕೈವಾರ ನಮ್ಮ ತಾಲ್ಲೂಕಿನಲ್ಲೇ ಇದೆ ಎಂಬುದನ್ನು ಮರೆತಿದ್ದೆ.

ನಿವೃತ್ತಿಯಾದ ಮೇಲೆ ಓದುವಾಗ ತಿಳಿದದ್ದು ಇನ್ನೊಂದು ಸಂಗತಿ. ಭದ್ರಿರಾಜು ಕೃಷ್ಣಮೂರ್ತಿಯವರು 1961ರಲ್ಲಿ ಪ್ರಕಟಿಸಿದ ‘ತೆಲುಗು ವರ್ಬಲ್ ಬೇಸಸ್’ ಗ್ರಂಥದಲ್ಲಿ ತೆಲುಗಿನ ವರ್ಣಪಲ್ಲಟವನ್ನು ವಿವರಿಸಿದ್ದಾರೆ. ಪದದ ಆರಂಭದಲ್ಲಿದ್ದ ಸ್ವರ ಹಿಂದಕ್ಕೆ ಸರಿದು, ವ್ಯಂಜನ ಮುಂದಕ್ಕೆ ಬಂತು. ನಮ್ಮ ಎರಡು ಅಲ್ಲಿ ರೆಂಡು. ಒರಳು ಅಲ್ಲಿ ರೋಲು. ಇಲ್ಲ ಎಂಬುದಕ್ಕೆ ಲೇದು. ಒಳಗೆ ಎಂಬುದಕ್ಕೆ ಲೋಪಲ. ಹೀಗಾಗಿ ಕನ್ನಡಕ್ಕೆ ಕೊರತೆಯಾದ ‘ರ’, ‘ಲ’ಗಳು ತೆಲುಗಿನಲ್ಲಿ ಧಾರಾಳ. ನಮ್ಮ ‘ಏಳು’ ಅಲ್ಲಿ ‘ಲೇ’. ಆ ಹುಡುಗ ಆರಂಭಿಸಿದ್ದು ನಮ್ಮದೇ ಪದದಿಂದ. ಅಕ್ಷರಗಳು ಸ್ಥಳ ಬದಲಿಸಿದ್ದವು, ಅಷ್ಟೆ. ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಕರೋಕೆಯ ಪ್ರಶ್ನೆ ಉಳಿಯಿತು. ‘ಕರ’ ಎಂದರೆ ಖಾಲಿ, ‘ಓಕೆ’ ಎಂಬುದು ಆರ್ಕೆಸ್ಟ್ರಾದ ತುಂಡು: ಖಾಲಿ ವಾದ್ಯವೃಂದ. ನೆಗಿಶಿ ಶಿಗೆಯಿಚಿ 1967ರಲ್ಲೇ ಅಂಥ ಪೆಟ್ಟಿಗೆಯನ್ನು ತಯಾರಿಸಿದ್ದರು. 2024ರಲ್ಲಿ, ನೂರು ವರ್ಷ ತುಂಬಿದ ಬಳಿಕ ತೀರಿಕೊಂಡರು. ಹೆಚ್ಚು ಹೆಸರಾದವರು ಕೋಬೆ ನಗರದ ಇನೊವೆ ದೈಸುಕೆ. 1971ರಲ್ಲಿ ಹನ್ನೊಂದು ಯಂತ್ರಗಳನ್ನು ಮಾಡಿಸಿ ಬಾಡಿಗೆಗೆ ಕೊಟ್ಟ ಅವರು ಹಕ್ಕುಸ್ವಾಮ್ಯವನ್ನೇ ಪಡೆಯಲಿಲ್ಲ.

ಹಾಡಿನ ಆಯ್ಕೆಗೆ ನಾನು ಕೊಟ್ಟ ಸಲಹೆ ಸಕಮೊತೊ ಕ್ಯೂ ಅವರ 1961ರ ಗೀತೆ. 1963ರಲ್ಲಿ ‘ಸುಕಿಯಾಕಿ’ ಎಂಬ ಸಂಬಂಧವಿಲ್ಲದ ಹೆಸರಿನಲ್ಲಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿದ್ದು ಅದೇ. ನಿಧಾನದ ನಡೆ, ಸಿಳ್ಳೆ ಹಾಕಲು ಅವಕಾಶ, ಪದ ಮರೆತರೂ ಪಾರಾಗಬಹುದು. ಶಿರಿತೋರಿಗೆ ಮಾತ್ರ ನನ್ನಲ್ಲಿ ಉಪಾಯವಿಲ್ಲ. ಮಗಳು ‘ರು’ ಎಸೆದರೆ ಸೋಲನ್ನು ಒಪ್ಪಿಕೊಂಡು, ಊರಿಗೆ ಬಂದಾಗ ಅವಳನ್ನು ನಮ್ಮ ಅಂತ್ಯಾಕ್ಷರಿಗೆ ಕೂರಿಸಿ ಎಂದೆ. ಈಗ ನನ್ನ ಮನೆಯ ಜಗಲಿಯ ಆಟದಲ್ಲಿ ಯಾವ ಭಾಷೆಯಾದರೂ ಸರಿ.

‘ಲೇ’ ಎಂದು ಆರಂಭವಾಗುವ, ಮಕ್ಕಳನ್ನು ಎಬ್ಬಿಸುವ ಹಳೆಯ ತೆಲುಗು ಹಾಡು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ನನಗೆ ಬರೆದು ಕಳಿಸಿ. ಅಂದು ನಾನು ಕೇಳಿದ್ದು ಒಂದೇ ಪದ.