ಶೇಷ ಕ್ಲೋರಿನ್ ಮಾಪಕದ ದೋಷನಿದಾನ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನ ಜಲಮೂಲಗಳ ಹಿನ್ನೆಲೆಯಲ್ಲಿ

ಸಾರಾಂಶ

ನೀರಿನ ಶೇಷ ಕ್ಲೋರಿನನ್ನು ಸತತವಾಗಿ ಅಳೆಯುವ ಮಾಪಕದ ಅಂಕೆ ಏರುಪೇರಾದಾಗ ಕಾರಣವನ್ನು ಮಾಪಕದೊಳಗೇ ಹುಡುಕುವುದು ರೂಢಿ. ಆದರೆ ಜಲಮೂಲ ಬದಲಾದಂತೆ ದೋಷದ ಬಗೆಯೂ ಬದಲಾಗುತ್ತದೆ. ಆದ್ದರಿಂದ ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಗೆ ಒಂದೇ ನಿರ್ವಹಣಾ ಪಟ್ಟಿ ಸಾಲದು ಎಂಬುದು ಪ್ರಸ್ತುತ ಲೇಖನದ ವಾದ.

1. ಮಾನದಂಡ ಮತ್ತು ಮಾಪನತತ್ತ್ವ

ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500:2012ರ ಪ್ರಕಾರ ಬಳಕೆದಾರರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಮುಕ್ತ ಶೇಷ ಕ್ಲೋರಿನ್ ಇರಬೇಕು. ವೈರಾಣು ಸೋಂಕಿನಿಂದ ರಕ್ಷಣೆ ಬೇಕಾದಲ್ಲಿ 0.5 ಮಿ.ಗ್ರಾಂ. ಇದನ್ನು ಅಳೆಯುವ ಮಾಪಕಗಳಲ್ಲಿ ಎರಡು ಬಗೆ ಮುಖ್ಯ. ಡಿಪಿಡಿ ವರ್ಣಮಾಪಕವು ಮಾದರಿಗೆ ಪಿಎಚ್ ಸ್ಥಿರವಾಗಿಡುವ ಬಫರ್ ಮತ್ತು ಡಿಪಿಡಿ ಎಂಬ ರಾಸಾಯನಿಕ ಬೆರೆಸಿ, ಮೂಡಿದ ಗುಲಾಬಿ ಬಣ್ಣ ಸುಮಾರು 515 ನ್ಯಾನೋಮೀಟರಿನ ಬೆಳಕನ್ನು ಎಷ್ಟು ಹೀರಿತೆಂದು ನೋಡುತ್ತದೆ. ಪೊರೆಯ ಸಂವೇದಕವು ಪೊರೆ ದಾಟಿ ಬಂದ ಹೈಪೋಕ್ಲೋರಸ್ ಆಮ್ಲದಿಂದ ಹುಟ್ಟುವ ವಿದ್ಯುತ್ತನ್ನು ಅಳೆಯುತ್ತದೆ.

ಇವೆರಡರ ಭೇದ ಪಿಎಚ್‌ನಲ್ಲಿ ಎದ್ದು ಕಾಣುತ್ತದೆ. ಪಿಎಚ್ ಸುಮಾರು 7.5 ಇದ್ದಾಗ ಮುಕ್ತ ಕ್ಲೋರಿನಿನ ಅರ್ಧದಷ್ಟು ಹೈಪೋಕ್ಲೋರಸ್ ಆಮ್ಲವಾಗಿರುತ್ತದೆ, 8.5ಕ್ಕೆ ಏರಿದರೆ ಅದು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ರೋಗಾಣು ಕೊಲ್ಲುವ ಬಲ ಹೆಚ್ಚಾಗಿ ಈ ಆಮ್ಲದ್ದೇ.

2. ಮೂಲಕ್ಕೆ ತಕ್ಕ ದೋಷ

ಚನ್ನಗಿರಿ: ಇಲ್ಲಿಯ ಶಾಂತಿಸಾಗರ, ಅಂದರೆ ಸೂಳೆಕೆರೆ, ನಿಂತ ನೀರಿನ ವಿಶಾಲ ಕೆರೆ. ಇಂಥ ಕೆರೆಗಳಲ್ಲಿ ಪಾಚಿ ಹೆಚ್ಚಿದಾಗ ಅದು ಹಗಲಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿ ಪಿಎಚ್ ಏರಿಸುತ್ತದೆ. ಆ ಏರಿಳಿತ ಶುದ್ಧೀಕರಣ ಘಟಕದವರೆಗೂ ತಲುಪಿದರೆ, ಪಿಎಚ್ ತಿದ್ದುಪಡಿಯಿಲ್ಲದ ಪೊರೆಯ ಸಂವೇದಕದ ಅಂಕೆ ಮಧ್ಯಾಹ್ನ ಕುಸಿದು ರಾತ್ರಿ ಚೇತರಿಸಿಕೊಳ್ಳುತ್ತದೆ. ಕೈಯಲ್ಲಿ ಮಾಡಿದ ಡಿಪಿಡಿ ಪರೀಕ್ಷೆ ಮಾತ್ರ ಬಫರಿನ ಕಾರಣ ಒಂದೇ ಅಂಕೆ ಕೊಡುತ್ತದೆ. ಇದನ್ನು ಸಂವೇದಕದ ಕೆಡುಕೆಂದು ಬಗೆದು ಮಧ್ಯಾಹ್ನವೇ ಅಂಕಶೋಧನೆ (ಕ್ಯಾಲಿಬ್ರೇಶನ್) ಮಾಡಿದರೆ ನಸುಕಿನಲ್ಲಿ ಅಂಕೆ ಉಬ್ಬುತ್ತದೆ, ಅಂಕೆಗೆ ತಕ್ಕಂತೆ ಕ್ಲೋರಿನ್ ಬಿಡುವ ಸ್ವಯಂಚಾಲಿತ ಪಂಪು ಕ್ಲೋರಿನ್ ಕಡಿಮೆ ಮಾಡುತ್ತದೆ. ಮಧ್ಯಾಹ್ನದ ಕುಸಿತ ಪೂರ್ತಿ ಸುಳ್ಳೂ ಅಲ್ಲ. ಆಗ ನೀರಿನ ರೋಗಾಣುನಾಶಕ ಬಲ ನಿಜಕ್ಕೂ ತಗ್ಗಿರುತ್ತದೆ. ಪರಿಹಾರವಿರುವುದು ಪಿಎಚ್ ನಿಯಂತ್ರಣದಲ್ಲಿ, ಇಲ್ಲವೇ ಕ್ಲೋರಿನ್ ನೀರಿನೊಡನೆ ಇರುವ ಸಂಪರ್ಕಾವಧಿಯನ್ನು ಹೆಚ್ಚಿಸುವುದರಲ್ಲಿ.

ಹೊನ್ನಾಳಿ ಮತ್ತು ನ್ಯಾಮತಿ: ಕೂಡಲಿಯಲ್ಲಿ ತುಂಗೆ ಭದ್ರೆಯರು ಸೇರಿ ಹರಿದುಬರುವ ತುಂಗಭದ್ರೆಯ ಸೀಮೆಯಿದು. ಮುಂಗಾರಿನ ರಾಡಿ ಶೋಧಕಗಳನ್ನು ದಾಟಿ ಬಂದರೆ ಮಾದರಿ ಕೊಳವೆ ಕಟ್ಟಿ ಹರಿವು ತಗ್ಗುತ್ತದೆ, ಪೊರೆಯ ಮೇಲೆ ಕೆಸರು ಕೂರುತ್ತದೆ. ಕೊಳವೆಯಲ್ಲಿ ನಿಂತ ನೀರಿನ ಕ್ಲೋರಿನ್ ಅಲ್ಲೇ ಕ್ಷಯಿಸುವುದರಿಂದ ಮುಖ್ಯ ಕೊಳವೆಯ ನೀರು ಸರಿಯಿದ್ದರೂ ಅಂಕೆ ತಗ್ಗುತ್ತದೆ. ಸರದಿಯಂತೆ ನೀರು ಬಿಡುವ, ಕರೆಂಟು ಪದೇಪದೇ ಹೋಗುವ ಕಡೆ ಇನ್ನೊಂದು ತೊಡಕಿದೆ: ಒಣಗಿದ ಅಥವಾ ವಿದ್ಯುತ್ ಕಳೆದುಕೊಂಡ ಸಂವೇದಕ ಸ್ಥಿರವಾಗಲು ಸಮಯ ಬೇಕು, ಅಲ್ಲಿಯವರೆಗಿನ ಅಂಕೆಯನ್ನು ನಂಬಿ ಕ್ಲೋರಿನ್ ಬಿಡಬಾರದು.

ಜಗಳೂರು: ಇಲ್ಲಿಯ ಅಂತರ್ಜಲ ಫ್ಲೋರೈಡಿಗೆ ಹೆಸರಾದದ್ದು. ಫ್ಲೋರೈಡ್ ಹೆಚ್ಚಿರುವ ಅಂತರ್ಜಲ ಸಾಮಾನ್ಯವಾಗಿ ಕ್ಷಾರಗುಣದ, ಬೈಕಾರ್ಬೊನೇಟ್ ತುಂಬಿದ ನೀರು. ಕೊಳವೆಬಾವಿಯ ಇಂಥ ನೀರಿನಲ್ಲಿ ಪೊರೆಯ ಸಂವೇದಕ ಕಡಿಮೆ ತೋರಿಸುವುದಷ್ಟೇ ಅಲ್ಲ, ಕ್ಷಾರೀಯತೆ ತೀರ ಹೆಚ್ಚಾದಲ್ಲಿ ಡಿಪಿಡಿಯ ಬಫರೂ ಸೋತು ಬಣ್ಣ ಪೂರ್ತಿ ಮೂಡುವುದಿಲ್ಲ. ಹಾಗಾದಾಗ ಎರಡು ವಿಧಾನಗಳೂ ಒಂದೇ ದಿಕ್ಕಿಗೆ ತಪ್ಪುತ್ತವೆ. ಅವು ಪರಸ್ಪರ ಒಪ್ಪಿದ್ದು ಸತ್ಯಕ್ಕೆ ಪುರಾವೆಯಾಗದು. ಪರೀಕ್ಷಾ ಮಾದರಿಯನ್ನು ಮೊದಲು ಆಮ್ಲದಿಂದ ತಟಸ್ಥಗೊಳಿಸಿಯೇ ಹೋಲಿಸಬೇಕು. ಕ್ಲೋರಿನ್ ಫ್ಲೋರೈಡನ್ನು ತೆಗೆಯುವುದಿಲ್ಲವೆಂಬುದನ್ನೂ ಮರೆಯುವಂತಿಲ್ಲ.

3. ನಿದಾನದ ಕ್ರಮ

ಮೊದಲು ಮಾದರಿಯ ಹರಿವು ಮತ್ತು ಗಾಳಿಗುಳ್ಳೆ, ಬಳಿಕ ಕೈಪರೀಕ್ಷೆ ಮತ್ತು ಪಿಎಚ್, ಆಮೇಲೆ ರಾಸಾಯನಿಕ, ಪೊರೆ, ಬೆಳಕಿನ ಕೋಶದ ಕಲೆ, ಅಂಕಶೋಧನೆ ಕಟ್ಟಕಡೆಗೆ. ಕ್ರಮ ತಪ್ಪಿದರೆ ಅಪಾಯವಿದೆ. ಸುಳ್ಳು ಕಡಿಮೆ ಅಂಕೆಯನ್ನು ನಂಬಿದ ಸ್ವಯಂಚಾಲಿತ ಪಂಪು ಕ್ಲೋರಿನ್ ಸುರಿಯುತ್ತ ಹೋಗುತ್ತದೆ. ಅತಿಯಾದ ಕ್ಲೋರಿನ್ ಡಿಪಿಡಿಯ ಬಣ್ಣವನ್ನೇ ಅಳಿಸಿ ಅಂಕೆಯನ್ನು ಇನ್ನೂ ಕೆಳಗಿಳಿಸುತ್ತದೆ. ಬಣ್ಣ ಮೂಡಿ ಮಾಸಿದರೆ ಮಾದರಿಯನ್ನು ಕ್ಲೋರಿನ್‌ರಹಿತ ನೀರಿನಿಂದ ತೆಳುಗೊಳಿಸಿ ಮತ್ತೆ ಅಳೆಯಬೇಕು.

4. ನಿಷ್ಕರ್ಷೆ

ಮಾಪಕದ ಅಂಕೆ ಕ್ಲೋರಿನಿನದಷ್ಟೇ ಅಲ್ಲ. ಪಿಎಚ್, ಹರಿವು, ಕ್ಷಾರೀಯತೆಗಳೂ ಅದರಲ್ಲಿ ಬೆರೆತಿವೆ. ಹಾಗಾಗಿ ಪ್ರತಿ ಘಟಕದ ದಾಖಲೆ ಪುಸ್ತಕದಲ್ಲಿ ಅಂಕೆಯ ಪಕ್ಕದಲ್ಲೇ ಇವುಗಳನ್ನೂ ಹೊತ್ತನ್ನೂ ಬರೆದಿಡಬೇಕು. ಕೈಪರೀಕ್ಷೆಯ ಪೆಟ್ಟಿಗೆ ಮತ್ತು ತರಬೇತಿ ನೀರುಗಂಟಿಗೂ ಸಿಗಬೇಕು. ಘಟಕದ ಮಾಪಕ ಏನೇ ಹೇಳಲಿ, ಕೊನೆಯ ಬೀದಿಯ ನಲ್ಲಿಯಲ್ಲಿ 0.2 ಮಿ.ಗ್ರಾಂ ಉಳಿದಿದೆಯೇ ಎಂದು ನೋಡಬಲ್ಲವರು ಅವರೇ.