ಮೋಗ್ಲಿಯ ಬಾಯಲ್ಲಿ ಕನ್ನಡ ಏಕಿರಲಿಲ್ಲ

ಕೇಬಲ್ ತಂತಿ ಊರೊಳಗೆ ಬರುವ ಮುನ್ನ ಟಿ.ವಿ. ನೋಡುತ್ತ ಬೆಳೆದ ತಲೆಮಾರು ರಾಯಚೂರು ಜಿಲ್ಲೆಯ ಗುರುಗುಂಟಾ, ಹಟ್ಟಿ, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಈಗ ನಲವತ್ತರ ಆಸುಪಾಸಿನಲ್ಲಿದೆ. ಆ ತಲೆಮಾರು ಮೊದಲು ನೋಡಿದ ಅನಿಮೆ, ಅಂದರೆ ಜಪಾನಿ ಅನಿಮೇಷನ್, ಯಾವುದಿರಬಹುದು ಎಂದು ಬಹಳ ಹುಡುಕಬೇಕಿಲ್ಲ. 1993ರಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ ತೋರಿಸತೊಡಗಿದ 'ಜಂಗಲ್ ಬುಕ್' ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ ಮಾಡಿದ್ದು. 1989ರ ಅಕ್ಟೋಬರಿನಿಂದ ಟಿ.ವಿ. ಟೋಕಿಯೊದಲ್ಲಿ 52 ಕಂತುಗಳಾಗಿ ಬಂದದ್ದು. ಕಾಡಿನಲ್ಲಿ ಬೆಳೆಯುವ ಹುಡುಗ ಮೋಗ್ಲಿಯ ಕಥೆ ಕಿಪ್ಲಿಂಗನದು, ಕಾಡು ಮಧ್ಯಭಾರತದ್ದು, ಚಿತ್ರ ಬರೆದ ಕೈ ಜಪಾನಿನದು, ಮಾತು ಮಾತ್ರ ಹಿಂದಿಯದು. ವಿಶಾಲ್ ಭಾರದ್ವಾಜ್ ಸಂಗೀತ ಕೊಟ್ಟರು, ಗುಲ್ಜಾರ್ ಹಾಡು ಬರೆದರು, ಹುಲಿ ಶೇರ್ ಖಾನನಿಗೆ ನಾನಾ ಪಾಟೇಕರ್ ದನಿಯಾದರು. ನೋಡಿದವರಲ್ಲಿ ಬಹುಪಾಲು ಜನಕ್ಕೆ ಅದು ಜಪಾನಿನದೆಂದೇ ಗೊತ್ತಿರಲಿಲ್ಲ. ಹೀಗಾಗಿ ಈ ಭಾಗದ ಮೊದಲ ಅನಿಮೆಯ ನೆನಪು ಹಿಂದಿಯಲ್ಲೇ ಉಳಿಯಿತು. ಆಗಿನ ಕಾಲವೇ ಹಾಗಿತ್ತು, ಬೇರೆ ದಾರಿ ಇರಲಿಲ್ಲ ಎಂದು ಇದನ್ನು ಸುಲಭವಾಗಿ ಬಿಟ್ಟುಬಿಡುತ್ತೇವೆ. ಆದರೆ ರಾಯಚೂರು ಜಿಲ್ಲೆಯ ಇತಿಹಾಸವನ್ನೇ ಮುಂದಿಟ್ಟುಕೊಂಡು ನೋಡಿದರೆ ಬೇರೆ ದಾರಿ ಇತ್ತು. ಅದು ಬಹಳ ಹಿಂದೆಯೇ ಇಲ್ಲಿ ತುಳಿದ ದಾರಿಯೂ ಆಗಿತ್ತು.

ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರಿನಲ್ಲಿ. ಅದಕ್ಕೆ ಆರು ವರ್ಷ ಮೊದಲೇ ರಾಯಚೂರು ಜಿಲ್ಲೆಯ ಹಳ್ಳಿಗಳು ಟಿ.ವಿ. ಕಂಡಿದ್ದವು. ಉಪಗ್ರಹದ ಮೂಲಕ ಶಿಕ್ಷಣ ಕೊಡುವ 'ಸೈಟ್' ಪ್ರಯೋಗ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದಾಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದಿಂದ ಆಯ್ಕೆಯಾದದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ಹಿಂದುಳಿದದ್ದು ಎಂಬ ಕಾರಣಕ್ಕೇ ಈ ಭಾಗಕ್ಕೆ ಅಪರೂಪಕ್ಕೊಮ್ಮೆ ಮೊದಲ ಸಾಲಿನಲ್ಲಿ ಜಾಗ ಸಿಕ್ಕಿತು. ನಾಸಾ ಎರವಲು ಕೊಟ್ಟ ಎಟಿಎಸ್-6 ಉಪಗ್ರಹ ಪೂರ್ವ ಆಫ್ರಿಕಾದ ಮೇಲೆ ನಿಂತು ಸಂಕೇತ ಕಳಿಸುತ್ತಿತ್ತು. ಹಳ್ಳಿಯ ಶಾಲೆ ಅಥವಾ ಪಂಚಾಯಿತಿ ಕಟ್ಟಡದ ಬಳಿ ಕೋಳಿಗೂಡಿಗೆ ಬಳಸುವಂಥ ಜಾಲರಿಯನ್ನು ಮೂರು ಮೀಟರ್ ಅಗಲದ ತಟ್ಟೆಯಾಗಿ ಬಗ್ಗಿಸಿ ಮಾಡಿದ ಆಂಟೆನಾ ಅದನ್ನು ಹಿಡಿಯುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿಗೆ ಕಾರ್ಯಕ್ರಮ. ಕನ್ನಡ ಮತ್ತು ತೆಲುಗಿನ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಇಲ್ಲಿ ಮುಖ್ಯವಾದ ಸಂಗತಿಯೊಂದಿದೆ: ಆ ಉಪಗ್ರಹ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಹೊತ್ತು ತರಬಲ್ಲದಾಗಿತ್ತು. ಅಂದರೆ ಒಂದೇ ಚಿತ್ರ ಎರಡು ಭಾಷೆಗಳಲ್ಲಿ ಮಾತಾಡುವ ಏರ್ಪಾಡು 1975ರಷ್ಟು ಹಿಂದೆಯೇ ಇತ್ತು. ಇಲ್ಲಿನ ಹಳ್ಳಿಗಾಡಿನ ಮಗುವಿಗೆ ಟಿ.ವಿ. ತನ್ನ ಮೊದಲ ಮಾತನ್ನು ಕನ್ನಡದಲ್ಲೇ ಆಡಿತ್ತು. ಹದಿನೆಂಟು ವರ್ಷ ಕಳೆದ ಮೇಲೆ, ಯಂತ್ರಗಳು ಇನ್ನೂ ಸುಧಾರಿಸಿದ್ದಾಗ, ಅದೇ ಟಿ.ವಿ. ಅದೇ ಜಿಲ್ಲೆಯ ಮಗುವಿನೊಡನೆ ಹಿಂದಿಯಲ್ಲಿ ಮಾತಾಡಿತು. ಇದಕ್ಕೆ ತಾಂತ್ರಿಕ ಕಾರಣ ಹೇಳಲು ಬರುವುದಿಲ್ಲ.

ಈ ಭಾಗಕ್ಕೆ ಹಿಂದಿ ಹೊಸದಲ್ಲವಲ್ಲ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಸತ್ಯಾಂಶವಿದೆ. 1948ರವರೆಗೆ ಇದು ನಿಜಾಮರ ಸೀಮೆ. ಗುರುಗುಂಟಾ ಸಂಸ್ಥಾನವೂ ಹೈದರಾಬಾದಿನ ಅಧೀನದಲ್ಲೇ ಇತ್ತು. ಕಚೇರಿಯ ಕಾಗದ ಉರ್ದುವಿನಲ್ಲಿ, ಸಂತೆಯ ಚೌಕಾಸಿ ಎಷ್ಟೋ ಸಲ ದಖ್ಖನಿಯಲ್ಲಿ. ಅದಕ್ಕೂ ಹಿಂದೆ ಹೋದರೆ 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಅಶೋಕನ ಶಾಸನ ಪ್ರಾಕೃತದಲ್ಲಿದೆ. ಆಳುವವರ ಮಾತು ಬೇರೆ, ಮನೆಯ ಮಾತು ಬೇರೆ ಎಂಬುದು ಇಲ್ಲಿನವರಿಗೆ ಹೊಸತಲ್ಲ. ಆದರೆ ಈ ವಾದ ತನಗೆ ತಾನೇ ಎದುರಾಗುತ್ತದೆ. ಶಾಸನ, ಫರ್ಮಾನು, ಕಚೇರಿಯ ಕಾಗದ ಇವೆಲ್ಲ ದೊಡ್ಡವರ ವ್ಯವಹಾರ. ಓದಿ ಹೇಳಲು ಒಬ್ಬ ಬಲ್ಲವನಿದ್ದರೆ ಕೆಲಸ ನಡೆಯುತ್ತದೆ. ಆರು ವರ್ಷದ ಮಗು ಬಾಲೂ ಕರಡಿ ಏನು ಹೇಳಿತೆಂದು ಯಾರನ್ನು ಕೇಳಬೇಕು? ಚಿತ್ರ ನೋಡಿ ಕಥೆ ಊಹಿಸಿಕೊಳ್ಳುತ್ತದೆ ನಿಜ. ಊಹಿಸಿಕೊಂಡಷ್ಟು ಮಾತ್ರ ಅದರದ್ದಾಗುತ್ತದೆ, ಉಳಿದದ್ದು ಸದ್ದಾಗಿ ಹಾದುಹೋಗುತ್ತದೆ.

ಇದೇ ನೆಲದ ಇನ್ನೊಂದು ಸಂಪ್ರದಾಯ ಈ ವಿಷಯದಲ್ಲಿ ದೂರದರ್ಶನಕ್ಕಿಂತ ಬಹಳ ಮುಂದಿತ್ತು. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಬೆಳಕಿನ ಪರದೆಯ ಮೇಲೆ ಚಿತ್ರ ಮೊದಲು ಚಲಿಸಿದ್ದು ಸಿನಿಮಾದಿಂದಲ್ಲ, ತೊಗಲುಗೊಂಬೆಯಿಂದ. ಬೆಳಕು ತೂರುವಷ್ಟು ತೆಳ್ಳಗೆ ಹದಮಾಡಿದ ತೊಗಲು, ಅದರಲ್ಲಿ ಕೊರೆದ ಒಡವೆಯ ತೂತುಗಳು, ಕೆಂಪು ಕಪ್ಪು ಬಣ್ಣ. ಬಿಳಿ ಬಟ್ಟೆಯ ಹಿಂದೆ ದೀಪ, ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದು ಕೈ ಆಡಿಸಿದರೆ ರಾವಣ ನಡೆಯುತ್ತಾನೆ. ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆಯ ಕಡೆ ದೇಶ ಒಮ್ಮೆ ತಿರುಗಿ ನೋಡಿತು. ಆಗ ಹೆಚ್ಚು ಚರ್ಚೆಯಾಗದ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಈ ಗೊಂಬೆ ಆಡಿಸುವ ಕಿಳ್ಳೇಕ್ಯಾತ (ಶಿಳ್ಳೇಕ್ಯಾತ) ಸಮುದಾಯದವರ ಮನೆಮಾತು ಮರಾಠಿಯ ಒಂದು ಬಗೆ. ಪರದೆಯ ಹಿಂದೆ ಕೂತು ಗೊಂಬೆಗಳಿಗೆ ಮಾತು ಕೊಡುವಾಗ ಮಾತ್ರ ಕನ್ನಡ. ನೋಡುವವರ ಭಾಷೆಯಲ್ಲಿ ಆಡದೆ ಆಟ ನಿಲ್ಲುವುದಿಲ್ಲ ಎಂಬುದು ಅವರಿಗೆ ತಲೆಮಾರುಗಳಿಂದ ಗೊತ್ತಿತ್ತು. ಯಾವ ಸರ್ಕಾರದ ನೆರವೂ ಇಲ್ಲದ ಅಲೆಮಾರಿ ಕುಟುಂಬಗಳು ಪಾಲಿಸಿಕೊಂಡು ಬಂದ ಈ ಮರ್ಯಾದೆಯನ್ನು ಸರ್ಕಾರದ್ದೇ ಆದ ಪ್ರಸಾರ ಸಂಸ್ಥೆ ಪಾಲಿಸಲಿಲ್ಲ ಎಂಬುದು ನೋವಿನ ಸಂಗತಿ.

ತಪ್ಪು ದೆಹಲಿಯದ್ದು ಮಾತ್ರ ಎಂದರೆ ಅರ್ಧ ಸತ್ಯವಾದೀತು. ಕನ್ನಡಕ್ಕೆ ಡಬ್ಬಿಂಗ್ ಕೂಡದೆಂಬ ಕಟ್ಟುಪಾಡನ್ನು ನಾವೇ ಹಾಕಿಕೊಂಡಿದ್ದೆವು. ಅದರ ಮೂಲ ಉದ್ದೇಶ ದೊಡ್ಡದು. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೊಗಳ ನೆರಳಲ್ಲಿತ್ತು, ಪರಭಾಷೆಯ ಚಿತ್ರಗಳು ಅಗ್ಗದಲ್ಲಿ ಕನ್ನಡದ ಅಂಗಿ ತೊಟ್ಟು ಬರುತ್ತಿದ್ದವು. ಅ.ನ.ಕೃ., ಮ. ರಾಮಮೂರ್ತಿ, ರಾಜ್‌ಕುಮಾರ್ ಅಂಥವರು ಅದರ ವಿರುದ್ಧ ನಿಂತದ್ದರಿಂದ ಕನ್ನಡದ ಕಲಾವಿದರಿಗೂ ತಂತ್ರಜ್ಞರಿಗೂ ಬದುಕು ಸಿಕ್ಕಿತು. ಆ ಹೋರಾಟವನ್ನು ಇಂದು ಹಗುರವಾಗಿ ಕಾಣುವವರು ಆ ಕಾಲದ ಇಕ್ಕಟ್ಟನ್ನು ಮರೆತಿದ್ದಾರೆ. ಆದರೆ ಒಂದು ಕಟ್ಟುಪಾಡು ಯಾರನ್ನು ಕಾಯಲು ಹುಟ್ಟಿತೋ ಅವರು ಇಲ್ಲದ ಕಡೆಯೂ ಅದನ್ನು ಹೇರಿದರೆ ಯಾರಿಗೆ ಲಾಭ? ಕನ್ನಡದ ಕಾರ್ಟೂನ್ ಉದ್ಯಮವೊಂದು ಬೆಳೆದು ನಿಂತಿದ್ದು, ಮೋಗ್ಲಿ ಕನ್ನಡ ಕಲಿತ ಕೂಡಲೇ ಅದು ಮುಳುಗುತ್ತಿತ್ತೇ? ಹಾಗಿರಲಿಲ್ಲ. 2009ರ ಏಪ್ರಿಲಿನಲ್ಲಿ ಮಕ್ಕಳ ಕನ್ನಡ ವಾಹಿನಿ ಚಿಂಟು ಟಿ.ವಿ. ಶುರುವಾಗಿ ಹೊರಗಿನ ಕಾರ್ಟೂನುಗಳು ಕನ್ನಡದಲ್ಲಿ ಮಾತಾಡತೊಡಗಿದಾಗ ಕನ್ನಡ ಚಿತ್ರರಂಗಕ್ಕೆ ಏನೂ ಆಗಲಿಲ್ಲ. ಅಷ್ಟರಲ್ಲಿ 1993ರ ಮಕ್ಕಳು ದೊಡ್ಡವರಾಗಿದ್ದರು, ಅವರ ತಮ್ಮ ತಂಗಿಯರು ಹಿಂದಿ ವಾಹಿನಿಗಳಲ್ಲಿ ಡೊರೆಮಾನ್, ಶಿನ್‌ಚಾನ್‌ಗೆ ಒಗ್ಗಿಕೊಂಡಿದ್ದರು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ತೀರ್ಪು ಕೊಟ್ಟು, ಡಬ್ಬಿಂಗ್ ತಡೆಯುವುದು ಸಲ್ಲದೆಂದು ಹೇಳಿತು. ಕಾನೂನಿನ ಬಾಗಿಲು ಅಂದೇ ತೆರೆಯಿತು.

ಬಾಗಿಲು ತೆರೆದರೂ ಒಳಗೆ ಬಂದವರು ಕಡಿಮೆ. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಅನಿಮೆ ಚಿತ್ರ ಭಾರತದ ಚಿತ್ರಮಂದಿರಗಳಿಗೆ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಇದರಿಂದ ಸಿಂಧನೂರು ಸೀಮೆಯಲ್ಲಿ ವಿಚಿತ್ರ ಸ್ಥಿತಿ ಒದಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಿಡಿದು ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರ ಮೊಮ್ಮಕ್ಕಳಿಗೆ ಅನಿಮೆ ಅವರ ಮನೆಮಾತಿನಲ್ಲೇ ಸಿಗುತ್ತದೆ, ಅದಾಗಬೇಕಾದದ್ದೇ. ಪಕ್ಕದ ಊರಿನ ಕನ್ನಡದ ಮಗುವಿಗೆ ಸಿಗುವುದಿಲ್ಲ. ಮಾರುಕಟ್ಟೆ ಚಿಕ್ಕದು ಎಂಬ ವ್ಯಾಪಾರಿಗಳ ಉತ್ತರವನ್ನು ನಾನು ಒಪ್ಪಲಾರೆ. ಇಲ್ಲದ ಸರಕಿಗೆ ಗಿರಾಕಿ ಎಷ್ಟೆಂದು ಯಾರೂ ಎಣಿಸಲಾರರು. ಹೊಸ ಹುಡುಗರು ಹೇಗೂ ಜಪಾನಿ ದನಿಯನ್ನೇ ಇಷ್ಟಪಟ್ಟು ಇಂಗ್ಲಿಷ್ ಅಡಿಬರಹ ಓದುತ್ತಾರೆ ಎಂಬ ಮಾತು ಹದಿನೆಂಟರ ಹುಡುಗನಿಗೆ ಸರಿ. ಮೊದಲ ಅನಿಮೆಯನ್ನು ಯಾರೂ ಹದಿನೆಂಟಕ್ಕೆ ನೋಡುವುದಿಲ್ಲ, ಅಕ್ಷರ ಕೂಡಿಸಿ ಓದುವ ಮೊದಲೇ ನೋಡಿರುತ್ತಾರೆ. ಯೂಗೊ ಸಾಕೊ ಮತ್ತು ರಾಮ್ ಮೋಹನ್ ಸೇರಿ 1992ರಲ್ಲಿ ಮುಗಿಸಿದ ಜಪಾನ್-ಭಾರತ ಜಂಟಿ ರಾಮಾಯಣ ಚಿತ್ರ 2025ರ ಜನವರಿ 24ರಂದು ಮತ್ತೆ ತೆರೆಗೆ ಬಂದಾಗಲೂ ಭಾಷೆಗಳು ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಮಾತ್ರ. ಆ ಚಿತ್ರದ ವಾಲಿ ಸುಗ್ರೀವರ ಕಿಷ್ಕಿಂಧೆ ಎಂದು ಜನ ನಂಬುವ ಆನೆಗುಂದಿ ಇರುವುದು ಸಿಂಧನೂರಿನ ಆಚೆ, ಗಂಗಾವತಿ ತಾಲ್ಲೂಕಿನಲ್ಲಿ. ಅಲ್ಲಿ ಬಹುಪಾಲು ಮನೆಗಳಲ್ಲಿ ಆಡುವ ಮಾತು ಕನ್ನಡ.